ಸೊನ್ನೆ ಕಳಿಸುವ ದೇಶಗಳು

೧೪ ಮಾರ್ಚ್

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಉತ್ತರ ತಡವಾಯಿತು, ಬೈಯಬೇಡ. ಲೋಕದ ರಕ್ತವನ್ನೆಲ್ಲ ಕಾಯುವ ಘನಕಾರ್ಯದಲ್ಲಿ ನಿನ್ನ ತಮ್ಮ ಮುಳುಗಿಹೋಗಿದ್ದ. ರೋಗಿಗಳಿಗೆ ರಕ್ತ ಕೊಡುವಾಗ ಯಾವ ದೇಶದಲ್ಲಿ ಎಷ್ಟು ಎಡವಟ್ಟಾಯಿತು ಎಂದು ಲೆಕ್ಕ ಒಪ್ಪಿಸುವ ಸಭೆಗೆ ಹೋಗಿದ್ದೆ. ಕೆಲವು ದೇಶಗಳು ನೂರಾರು ತಪ್ಪು ಒಪ್ಪಿಕೊಂಡು ತಲೆ ತಗ್ಗಿಸುತ್ತವೆ. ಕೆಲವು ವರ್ಷವರ್ಷವೂ ಸೊನ್ನೆ ಕಳಿಸಿ ಚಪ್ಪಾಳೆ ಗಿಟ್ಟಿಸುತ್ತವೆ. ಅಲ್ಲಿ ಯಾರೂ ಸಾಯುವುದಿಲ್ಲವೆಂದಲ್ಲ, ಹೇಳುವವರಿಲ್ಲ. ಭಾವ ಹೋಗುವವರೆಗೆ ನಮ್ಮದೂ ಚಪ್ಪಾಳೆಯ ದೇಶವೇ.

ದೊಡ್ಡ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ: ಭಾವನ ಹೃದಯ ನಿಂತುಹೋಯಿತಂತೆ. ಹೃದಯ ಓಡುತ್ತಿರುವಾಗಲೇ ಸತ್ತವರನ್ನು ಅವರು ಎಲ್ಲಿ ಕಂಡಿದ್ದರೋ. ನಿಜ ಹೇಳಿದವಳು ವಾರ್ಡಿನ ನರ್ಸು. ಕಿಟಕಿ ಪಕ್ಕ ಗಾಳಿ ಬರುತ್ತದೆಂದು ಭಾವ ಅಲ್ಲಿದ್ದವರನ್ನು ಪುಸಲಾಯಿಸಿ ಹಾಸಿಗೆ ಬದಲಿಸಿಕೊಂಡಿದ್ದರು. ಬಸ್ಸಿನಲ್ಲೂ ಅವರದು ಅದೇ ಹಟವಲ್ಲವೇ. ಆ ವಾರ್ಡಿನಲ್ಲಿ ರಕ್ತ ಏರಿಸುವುದು ಹಾಸಿಗೆಯ ನಂಬರು ನೋಡಿ. ಹೆಸರು ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಅವಳೂ ಹಾಗೇ ಮಾಡಿದಳು, ಮೊದಲು ಅಲ್ಲಿದ್ದವರ ರಕ್ತ ಭಾವನಿಗೆ ಏರಿತು. ಆಮೇಲೆ, ಯಾರೂ ಕೇಳದಿದ್ದರೂ, ಇಂಥ ತಪ್ಪುಗಳ ಲೆಕ್ಕ ಇಡುವ ನಮ್ಮ ಕಚೇರಿಗೂ ನಿನಗೂ ತಾನೇ ಬಂದು ಹೇಳಿದಳು. ತಪ್ಪು ತಿಳಿಸಿದವರಿಗೆ ಶಿಕ್ಷೆಯಿಲ್ಲ ಎಂಬ ನಮ್ಮ ಫಲಕ ಪ್ರತಿ ಆಸ್ಪತ್ರೆಯ ಗೋಡೆಯ ಮೇಲೂ ಇದೆ, ಗಾಜಿನ ಚೌಕಟ್ಟಿನ ಸಮೇತ.

ಹೋದ ತಿಂಗಳು ಅವಳನ್ನು ಕೆಲಸದಿಂದ ತೆಗೆದರು. ಯಾರದೋ ದೂರು ಬಂತಂತೆ. ಹಾಸಿಗೆ ನಂಬರಿನ ಪದ್ಧತಿ ಮಾತ್ರ ಕ್ಷೇಮ. ಅಲ್ಲಿಂದೀಚೆಗೆ ಯಾವ ಆಸ್ಪತ್ರೆಯೂ ಒಂದೇ ಒಂದು ತಪ್ಪು ತಿಳಿಸಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು: "ನೋಡ್ರೀ, ಒಬ್ಬಳನ್ನ ತೆಗೆದಿದ್ದಕ್ಕೆ ಎಲ್ಲರೂ ಎಷ್ಟು ಹುಷಾರಾಗ್ಬಿಟ್ರು."

ಪುಟ್ಟಿಗೆ ಮಾವನ ಆಶೀರ್ವಾದ. ಪರೀಕ್ಷೆ ಚೆನ್ನಾಗಿ ಬರೆಯಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ

ತಾ. ಕ.: ಆ ನರ್ಸು ನಿನ್ನೆ ಕಚೇರಿಗೆ ಬಂದಿದ್ದಳು. ಕೂರು ಅಂದರೂ ಕೂರಲಿಲ್ಲ. "ದೂರು ಕೊಟ್ಟಿದ್ದು ತೀರಿಹೋದವರ ಹೆಂಡತಿನೇ ಸರ್. ಅವರ ಜಾಗದಲ್ಲಿ ನಾನಿದ್ರೂ ಕೊಡ್ತಿದ್ದೆ" ಎಂದಳು. ನಾನು ನಿನ್ನ ತಮ್ಮ ಎಂದು ಅವಳಿಗೆ ಗೊತ್ತಿಲ್ಲ. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು ನಿನಗೆ, ಬಲ್ಲೆ. ಆದರೆ ಅಷ್ಟು ಜನರಲ್ಲಿ ನಿನ್ನ ಕೈಗೆ ಸಿಕ್ಕವಳು ಅವಳೊಬ್ಬಳೇ, ಅದೂ ತಾನಾಗಿ ಬಂದಿದ್ದಕ್ಕೆ. ದೂರು ವಾಪಸು ತಗೋ ಅಕ್ಕಾ. ಹೊರಡುವಾಗ, "ಸುಮ್ನೆ ಇದ್ದಿದ್ರೆ ಕೆಲಸ ಉಳೀತಿತ್ತು, ಅಲ್ವಾ ಸರ್?" ಎಂದು ಕೇಳಿದಳು.

ಹೌದಮ್ಮ ಎಂದೆ.