ಮಷೀನ್ ಕೇಳಿದ ಕುಂಕುಮ

ಜೂನ್ ೧೦, ಮಂಗಳವಾರ

ಮತ್ತೆ ಅಫಜಲಪುರ. ಅದೇ ಕಂಪ್ಯೂಟರ್ ಅಂಗಡಿ, ಅದೇ ಹಾಳಾದ ಹೊಸ ಆ್ಯಪ್. ಸರಕಾರ ಕೊಡುವ ವಿಧವಾ ಪಗಾರ ಬೇಕಾದರೆ ಮುಖ ತೋರಿಸಬೇಕಂತೆ. ತೋರಿಸಿದೆ. ಕಣ್ಣು ಮಿಟುಕಿಸಿ ಎಂದಿತು. ಮಿಟುಕಿಸಿದೆ. ಕೆಂಪು ಅಕ್ಷರ— ಮುಖ ಹೊಂದುತ್ತಿಲ್ಲ.

ಅಂಗಡಿಯ ಅಮೋಘಸಿದ್ದ ನನ್ನ ಆಧಾರ್ ಫೋಟೊ ನೋಡಿದ. ಗಂಡ ಇದ್ದ ಕಾಲದ್ದು. ಹಣೆ ತುಂಬ ಕುಂಕುಮ.

"ಇಲ್ಲೇ ನೋಡ್ರಿ ಅಕ್ಕಾ ಗಡಬಡ. ಕುಂಕುಮ ಹಚ್ಕೊಂಡ ಬರ್ರಿ, ತಗೋತದ."

"ಗಂಡ ಸತ್ತಾಕಿಗಿ ಹೇಳೋ ಮಾತೇನೋ ಇದು?"

"ನಾ ಏನ್ ಮಾಡ್ಲಿರಿ? ಮಷೀನ್ ಕೇಳ್ತದ."

ಮಷೀನ್ ಕೇಳುತ್ತದಂತೆ! ವಿಧವೆಯರಿಗೆಂದೇ ಮಾಡಿದ ಆ್ಯಪ್. ಮಾಡಿದ ಮಹಾಶಯರು ಒಬ್ಬ ವಿಧವೆಯನ್ನಾದರೂ ಎದುರಿಗೆ ಕೂರಿಸಿಕೊಂಡು ಕೇಳಿದ್ದರೆ... ಹಚ್ಚುವುದಿಲ್ಲ. ಏನಾದರೂ ಆಗಲಿ.

ಜುಲೈ ೨

ಪಗಾರ ನಿಂತೇ ಹೋಯಿತು. ಮಗಳು ಸೀಮಾಳ ಕಾಲೇಜು ಅಡ್ಮಿಷನ್ ಅದರಿಂದಲೇ ಆಗಬೇಕು. ಮುಂದಿನ ಶುಕ್ರವಾರ ಫೀ ಕಟ್ಟಲು ಕೊನೆ ದಿನ.

ಅತ್ತೆ ನಿಂಬೆವ್ವ ತನ್ನ ಕುಂಕುಮದ ಡಬ್ಬಿ ತಂದು ಮುಂದಿಟ್ಟಳು.

"ಹಚ್ಕೋ ಬೇ. ಫೋಟೊ ತೆಗಿಯೋತನ ಅಷ್ಟ."

ಗಂಡ ಸತ್ತ ದಿನ ನನ್ನ ಹಣೆ ಒರೆಸಿದ್ದು ಇದೇ ಕೈ. ಬೇಡ ಬೇಡ ಎಂದು ಅತ್ತರೂ ಬಿಟ್ಟಿರಲಿಲ್ಲ.

ಜುಲೈ ೩, ಸಂಜೆ

ಹಚ್ಚಿಕೊಂಡು ಹೋದೆ. ಬಸ್ಸಿನಲ್ಲಿ ಸೆರಗು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದೆ, ಕಳ್ಳಿಯ ಹಾಗೆ.

ತೆಗೆದುಕೊಂಡಿತು. ಹಸಿರು ಟಿಕ್. ನಾನು ವಿಧವೆ ಎಂದು ಒಪ್ಪಲು ಅದಕ್ಕೆ ಮುತ್ತೈದೆಯ ಮುಖ ಬೇಕಿತ್ತು. ಥೂ.

"ಈಗ ಒರಸ್ಕೊಂಡ ಹೋಗ್ರಿ ಅಕ್ಕಾ" ಎಂದ ಅಮೋಘಸಿದ್ದ. "ಮತ್ತ ಮದಿವಿ ಆಗ್ಯಾಳಂತ ಯಾರರೆ ಕಂಪ್ಲೇಂಟ್ ಮಾಡಿದ್ರ ಪಗಾರ ಬಂದ್ ಆಗ್ತದ."

ಹಚ್ಚಿಕೋ ಎಂದವನೂ ಅವನೇ. ಒರೆಸಲಿಲ್ಲ. ನಮ್ಮೂರು ಮಣ್ಣೂರಲ್ಲಿ ಇಳಿದವಳು ಸೆರಗು ಹೆಗಲಿಗೆ ಹಾಕಿಕೊಂಡೇ ಓಣಿ ದಾಟಿದೆ. ನೋಡುವವರು ನೋಡಿದರು.

ಬಾಗಿಲಲ್ಲಿ ಅತ್ತೆ. ಕೈಯಲ್ಲಿ ಒದ್ದೆ ಬಟ್ಟೆ.

"ಕೆಲಸ ಆತಲ್ಲ? ಒರಸ್ಕೋ."

"ನೀವೇ ಒರಸ್ರಿ ಅತ್ತಿ. ಕೈಗಿ ರೂಢಿ ಅದ ಅಲ್ಲ?"

ಕೈ ಮೇಲೇಳಲಿಲ್ಲ. ಬಟ್ಟೆ ಹಿಡಿದೇ ಬಾಗಿಲು ಬಿಟ್ಟು ಸರಿದಳು. ನನಗೆ ಕನಿಕರ ಬರಲಿಲ್ಲ, ಬರಬೇಕಾಗಿಯೂ ಇಲ್ಲ.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಓಣಿಯ ಹಿರಿಯ ಜಗದೇವಪ್ಪ ಅಂಗಳಕ್ಕೆ ಬಂದು ಕೂಗುತ್ತಿದ್ದಾನೆ. "ಭುವನೇಶ್ವರೀ, ಹೊರಗ ಬಾ! ಮಂದಿ ಏನೇನೋ ಅನ್ನಾಕತ್ತಾರ!" ಕಂಪ್ಲೇಂಟ್ ಬರೆಯುವವನು ಇವನೇ ಇರಬೇಕು.

ಸೀಮಾಳನ್ನು ನೋಡಿದೆ. ಅವಳ ಅಡ್ಮಿಷನ್... ಅವಳೊಂದು ಮಾತು ಅಂದಿದ್ದರೆ ಒರೆಸಿಬಿಡುತ್ತಿದ್ದೆ.

ಅವಳು ಅಜ್ಜಿಯ ಕೈಯಿಂದ ಬಟ್ಟೆ ಕಸಿದು ಹಗ್ಗಕ್ಕೆ ಹಾಕಿದಳು. ಕನ್ನಡಿ ತಂದು ಮುಂದೆ ಹಿಡಿದಳು.

"ಅವ್ವಾ, ಜರಾ ಸೊಟ್ಟ ಆಗ್ಯಾದ. ನೀಟ ಮಾಡ್ಕೊಂಡ ಹೋಗು."

ಮಾಡಿಕೊಂಡೆ. ಇನ್ನೂ ಕೂಗುತ್ತಿದ್ದಾನೆ. ಪೆನ್ನು ಇಟ್ಟು ಹೊರಗೆ—