ಐರಿಷ್ ಕವಿಗಳ ನಡುವೆ ಗಂಗುಲಮ್ಮ

ಚಿಕ್ಕಬಳ್ಳಾಪುರ
೧೪ ಆಗಸ್ಟ್ ೧೯೯೬

ಪ್ರೀತಿಯ ಯಶೂ,

ಮೈಸೂರಿನ ಹಾಸ್ಟೆಲ್ ಊಟ ಹಿಡಿಸಿತೇ ಎಂದು ಕೇಳುವ ಮೊದಲೇ ಸುದ್ದಿ ಹೇಳಿಬಿಡುತ್ತೇನೆ. ಸೋಮವಾರ ಬೆಂಗಳೂರಿನಲ್ಲಿ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಪದವಿಗೆ ಒಪ್ಪಿದ್ದಾರೆ, ಆದರೆ ಕೊನೆಯ ಅಧ್ಯಾಯವನ್ನು ಮತ್ತೆ ಬರೆಯಬೇಕು. ಆ ಷರತ್ತು ಹಾಕಿಸಿದವಳು ನಿನ್ನ ಅಜ್ಜಿ.

ಆರು ವರ್ಷ ನಾನು ಓದಿದ್ದು ಈಗಿನ ಐರಿಷ್ ಕವಿಗಳನ್ನು. ಇಂಗ್ಲಿಷ್ ಬಂದು ಅವರ ಮನೆಮಾತನ್ನು ಬಹುಪಾಲು ನುಂಗಿತು. ಅದೇ ಇಂಗ್ಲಿಷಿನಲ್ಲಿ ಅವರು ತಾತನ ಹೊಲವನ್ನೂ ಅಜ್ಜಿಯ ಬಾಯಿಮಾತನ್ನೂ ಹುಡುಕುತ್ತಾ, ತಾವು ಯಾರ ಕಡೆಯವರು ಎಂದು ಕೇಳಿಕೊಳ್ಳುತ್ತಾರೆ. ಕೆಲವರು ಹಟ ಹಿಡಿದು ಹಳೆಯ ಮಾತಿಗೇ ಮರಳಿದ್ದಾರೆ. ಕಾನ್ವೆಂಟಿನಲ್ಲಿ ಫೀಸಿಲ್ಲದೆ ಓದಿ, ಮನೆಗೆ ಬಂದು ಹಳ್ಳಿಮಾತಿನಲ್ಲಿ ಊಟ ಕೇಳುತ್ತಿದ್ದ ನನಗೆ ಅವರು ದೂರದವರೆನಿಸಲಿಲ್ಲ.

ಹೋಲಿಕೆಗೆಂದು ಕೊನೆಯ ಅಧ್ಯಾಯದಲ್ಲಿ ಮಂಡಿಕಲ್ ಕಡೆಯ ರಾಗಿ ಹೊಲದ ಹಾಡೊಂದನ್ನು ಇಟ್ಟಿದ್ದೆ. ಅದು ಕಳೆ ಕೀಳುವಾಗ ಹೇಳುವ ಹಾಡು. ಹಾಡಿದ್ದು ಅಜ್ಜಿಯೇ, ಟೇಪ್ ಮಾಡಿದ್ದು ನಾನು. ಐರಿಷ್ ಕವಿ ತನ್ನ ಹಿರಿಯರನ್ನು ಹೆಸರು ಹಿಡಿದು ಕರೆಯುತ್ತಾನೆ, ನಮ್ಮ ಹಾಡು ಯಾರ ಹೆಸರನ್ನೂ ಹೇಳುವುದಿಲ್ಲ ಎಂಬುದು ನನ್ನ ವಾದ. ಹಾಡಿದವರ ಹೆಸರಿನ ಮುಂದೆ ‘ತಿಳಿದಿಲ್ಲ’ ಎಂದು ಟೈಪ್ ಮಾಡಿಸಿದ್ದೆ. ಮನೆಯವರ ಹಾಡನ್ನು ಪರೀಕ್ಷಕರು ಆಧಾರವೆಂದು ಒಪ್ಪುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕಾರಣ ಅದೊಂದೇ ಆಗಿತ್ತೇ? ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನನ್ನ ತಾಯಿ ಕೂಲಿಗೆ ಹೋಗುತ್ತಿದ್ದಳೆಂದು ಅಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

ಪರೀಕ್ಷೆಯ ದಿನ ಅಜ್ಜಿ ತಾನೂ ಹೊರಟಳು. “ನನ್ನ ಹಾಡ್ನ ಏನ್ ಮಾಡಿದ್ಯೋ ನೋಡ್ಬೇಕು ಕಣಮ್ಮ” ಅಂದಳು. ಬಸ್ಸಿನಲ್ಲಿ, ಆ ದೇಶದಲ್ಲಿ ರಾಗಿ ಬೆಳೀತಾರಾ ಎಂದು ಕೇಳಿದಳು. ಇಲ್ಲ, ಆಲೂಗಡ್ಡೆ ಎಂದೆ. “ಹಂಗಾದ್ರೆ ಆಲೂಗಡ್ಡೆ ಬೆಳೆಯೋ ನಮ್ ಚಿಕ್ಕಬಳ್ಳಾಪುರದೋರೇ ಬಿಡು” ಎಂದು ನಿದ್ದೆ ಹೋದಳು.

ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಳು. ಒಂದು ಗಂಟೆ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯಿತು. ಆಮೇಲೆ ಹಿರಿಯ ಪರೀಕ್ಷಕರಾದ ಚೆನ್ನರಾಯಪ್ಪನವರು ಹಾಡು ಕೇಳಿಸಿ ಎಂದರು. ಟೇಪ್ ಹಾಕಿದೆ. ನಾಲ್ಕು ಸಾಲು ಮುಗಿದಿರಲಿಲ್ಲ, ಹಿಂದಿನಿಂದ ದನಿ ಬಂತು: “ಮೊದ್ಲುದೇ ಇಲ್ವಲ್ಲ ಸ್ವಾಮಿ. ತಲೆ ಕುಯ್ದು ಮುಂಡ ತಂದವ್ಳೆ.”

ಯಾವುದು ಇಲ್ಲ ಅಂತೀರಮ್ಮ ಎಂದು ಚೆನ್ನರಾಯಪ್ಪನವರು ಕನ್ನಡದಲ್ಲಿ ಕೇಳಿದರು.

“ಯಾರ್ ಹತ್ರ ಕಲಿತ್ವೋ ಅವ್ರ ಹೆಸ್ರು ಹೇಳ್ದೆ ಹಾಡು ಎತ್ತಂಗಿಲ್ಲ. ನಮ್ಮತ್ತೆ ಆದಿಲಕ್ಷ್ಮಮ್ಮ, ಅವಳ ಚಿಕ್ಕಮ್ಮ ಅಕ್ಕಯಮ್ಮ, ಆಯಮ್ಮಂಗೆ ಹೇಳ್ಕೊಟ್ಟ ಪಿಳ್ಳಮ್ಮ. ಅವ್ರನ್ನೆಲ್ಲ ಕರೆದ್ಮೇಲೇ ಹಾಡು.”

ಯಶೂ, ಆ ಹೆಸರುಗಳು ನನ್ನ ಮೂಲ ಕ್ಯಾಸೆಟ್ಟಿನಲ್ಲಿದ್ದವು. ಹಾಡಿಗೆ ಮುಂಚಿನ ಹರಟೆಯೆಂದು ಪ್ರತಿ ಮಾಡುವಾಗ ನಾನೇ ಬಿಟ್ಟಿದ್ದೆ. ಹೆಸರಿಲ್ಲದ ಹಾಡೆಂದು ಆಮೇಲೆ ಮೂವತ್ತು ಪುಟ ಬರೆದಿದ್ದೆ.

ಈಕೆ ಯಾರು ಎಂದು ಅವರು ನನ್ನನ್ನು ಕೇಳಿದರು. ತಡಮಾಡದೆ, ನನ್ನ ತಾಯಿ ಗಂಗುಲಮ್ಮ, ಹಾಡಿದವರೂ ಇವರೇ, ಹೆಸರುಗಳನ್ನು ಕತ್ತರಿಸಿದ್ದು ನಾನು ಎಂದೆ. ಪದವಿ ಕೈತಪ್ಪಿತೆಂದೇ ಎಣಿಸಿದ್ದೆ. ಚೆನ್ನರಾಯಪ್ಪನವರು ಎದ್ದು ಅಜ್ಜಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದರು. ಅವಳು ಸೆರಗು ಸರಿಮಾಡಿಕೊಂಡು ಮೂವರನ್ನೂ ಕರೆದು, ಪೂರ್ತಿ ಹಾಡಿದಳು. ಯಾರಿಗೂ ತಗ್ಗದ ದನಿ. ಅವಳ ಮಗಳೆಂದು ಎಲ್ಲರ ಮುಂದೆ ನಿಂತಿದ್ದೆನಲ್ಲ, ಅಂಥ ಹೆಮ್ಮೆ ನನಗೆ ಯಾವ ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ.

ಆರೋಗ್ಯ ನೋಡಿಕೋ. ದಸರಾ ರಜೆಗೆ ನೇರ ಮಂಡಿಕಲ್ಲಿಗೇ, ಅಜ್ಜಿಯ ಮನೆಗೇ ಬಾ, ನಾನೂ ಅಲ್ಲೇ ಇರುತ್ತೇನೆ.

ನಿನ್ನ
ಅಮ್ಮ

ಕೊನೆಗೊಂದು ಮಾತು: ‘ತಡಮಾಡದೆ’ ಎಂದು ಬರೆದದ್ದು ನಿಜವಲ್ಲ. ಈಕೆ ಯಾರೆಂದು ಚೆನ್ನರಾಯಪ್ಪನವರು ಮೊದಲ ಸಲ ಕೇಳಿದಾಗ, ಮಂಡಿಕಲ್ ಕಡೆಯ ಯಾರೋ ಕೂಲಿ ಹೆಂಗಸು ಎಂದುಬಿಟ್ಟೆ. ಅಜ್ಜಿ ತಕ್ಷಣ ಎದ್ದು ಕೈಮುಗಿದು, “ಹೂಂ ಸ್ವಾಮಿ, ಕೂಲಿಯೋಳೇ ನಾನು. ಆಯಮ್ಮ ಕಷ್ಟಪಟ್ಟು ಓದವ್ರೆ, ಪಾಸ್ ಮಾಡ್ಬುಡಿ” ಅಂದಳು. ಅದಾದ ಮೇಲೆ ನನಗೆ ಬಾಯಿ ಬಂತು.