ಅಳತೆಗೆ ಕೊಟ್ಟ ಜಂಪರು

ಹುನಗುಂದ
ಗುರುವಾರ, ೨೧ ಜನವರಿ ೧೯೮೨

ಪ್ರೀತಿಯ ಅಕ್ಕಾ,

ನಿನ್ನ ತಂಗಿಯ ಶರಣು. ನೀನು, ಈರಪ್ಪ ಭಾವ, ಮಗಳು ಸಿದ್ದಿ ಎಲ್ಲರೂ ಬಾಗಲಕೋಟೆಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಸೊಂಟನೋವು ಈಗ ಹೇಗಿದೆ? ಕೊಡ ಹೊರುವುದನ್ನು ಬಿಟ್ಟಿದ್ದೀಯೋ ಇಲ್ಲವೋ? ಭಾವನ ಕೆಮ್ಮು ಚಳಿಗಾಲ ಮುಗಿಯುವ ತನಕ ಹೋಗುವುದಿಲ್ಲ, ಆಡುಸೋಗೆ ಕಷಾಯ ಮಾಡಿಕೊಡು. ಸಿದ್ದಿಯ ಮುಂದಿನ ಹಲ್ಲು ಬಂತೇ? ಇಲ್ಲಿ ಅವ್ವ ಆರಾಮವಾಗಿದ್ದಾಳೆ, ಆದರೆ ರವಿವಾರದಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಸಂಕ್ರಾಂತಿಗೆ ನೀನು ಕಳಿಸಿದ ಕುಸುರೆಳ್ಳು ಮುಟ್ಟಿತು. ಜೊತೆಗಿದ್ದ ಚೀಟಿಯಲ್ಲಿ ನೀನು 'ಎಳ್ಳು ಬೆಲ್ಲದಂಗ ಕೂಡಿ ಇರೋಣ' ಎಂದು ಬರೆದಿದ್ದೆ. ಹದಿನಾಲ್ಕನೇ ತಾರೀಖು ಅದನ್ನು ಓದಿ ಬಾಯಿ ಸಿಹಿ ಮಾಡಿಕೊಂಡೆ. ಹದಿನೇಳಕ್ಕೆ ನನಗೆ ಎಲ್ಲ ಗೊತ್ತಾಯಿತು. ಕ್ಷೇಮ ಕೇಳದೆ ಪತ್ರ ಶುರು ಮಾಡಬಾರದು ಎಂದು ಅಪ್ಪ ನಮಗಿಬ್ಬರಿಗೂ ಕಲಿಸಿ ಹೋಗಿದ್ದಾನೆ, ಅದಕ್ಕೇ ಇಷ್ಟು ಕೇಳಿದೆ. ಈಗ ಕೇಳುವುದು ಬೇರೆ ಇದೆ.

ನನ್ನ ವಾರ ಹೇಗೆ ಕಳೆಯುತ್ತದೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ, ಯಾಕೆಂದರೆ ಎಲ್ಲವನ್ನೂ ನಿನಗೇ ಬರೆಯುತ್ತ ಬಂದಿದ್ದೇನೆ. ಆರು ದಿನ ತಹಸೀಲ ಕಚೇರಿಯ ಕಾರಕೂನಕಿ. ಉಳಿದ ಒಂದು ರವಿವಾರಕ್ಕೆ ಇಬ್ಬರು ಸವತಿಯರು, ಒಂದು ಹೊಲಿಗೆ ಮಷೀನು, ಇನ್ನೊಂದು ಸೈಕಲ್. ನನ್ನ ಮೈಮೇಲಿನ ಬಟ್ಟೆಯನ್ನು ನಾನೇ ಹೊಲಿದುಕೊಳ್ಳಬೇಕು ಎಂಬುದು ನನ್ನ ಹಟ, ಹದಿನಾರನೇ ವಯಸ್ಸಿನಿಂದ ಯಾವ ದರ್ಜಿಯೂ ನನ್ನ ಅಳತೆ ಹಿಡಿದಿಲ್ಲ. ಇನ್ನು ಸೈಕಲ್ಲಿಗೆ ದವಾಖಾನೆಯ ನರ್ಸ್ ನೀಲಾಬಾಯಿ, ಉರ್ದು ಸಾಲಿಯ ಅಬೇದಾ ಟೀಚರು, ಹೆಣ್ಣುಮಕ್ಕಳ ಸಾಲಿಯ ಸಾವಂತ್ರವ್ವ ಟೀಚರು, ನಾನು, ಹೀಗೆ ನಾಲ್ಕು ಜನರ ಕೂಟ. ಒಂದು ವಾರ ಅಮೀನಗಡದ ರಸ್ತೆ, ಒಂದು ವಾರ ಇಳಕಲ್ಲಿನ ರಸ್ತೆ. ಮೊದಮೊದಲು ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರು 'ಬಾಯಾರ ಪಲ್ಟನ್ ಹೊಂಟೈತಿ, ದಾರಿ ಬಿಡ್ರಲೇ' ಎಂದು ನಗುತ್ತಿದ್ದರು. ಈಗ ಅವರೇ ಹಿಂದಿನ ಗಾಲಿಯ ಗಾಳಿ ನೋಡಿ ಎಚ್ಚರಿಸುತ್ತಾರೆ. ಸೀರೆಯ ಅಂಚು ಚೈನಿಗೆ ಸಿಕ್ಕು ಎರಡು ಸಲ ಬಿದ್ದ ಮೇಲೆ ನಾನು ಕಿಸೆ ಇರುವ ಒಂದು ಪಂಜಾಬಿ ಡ್ರೆಸ್ ಹೊಲಿದುಕೊಂಡೆ. ಅದರ ಒಂದು ತೋಳು ಮೂರು ರವಿವಾರ ಗೂಟಕ್ಕೆ ಜೋತಾಡಿತ್ತು, ಯಾಕೆಂದರೆ ಅದನ್ನು ಹೊಲಿಯಬೇಕಾದ ಮೂರೂ ದಿನ ನಾನು ಸೈಕಲ್ ಮೇಲಿದ್ದೆ. ಅವ್ವ ಬೈಯುತ್ತಿದ್ದಳು: 'ಎರಡಕ್ಕೂ ಕಾಲಲೇ ತುಳೀಬೇಕು. ಮನ್ಯಾಗ ಕುಂತ ತುಳಿಯೋದ ಬಿಟ್ಟು ಬಿಸಲಾಗ ಯಾಕ ತುಳೀತಿ?' ನಾನು ನಕ್ಕು, ಇದು ಊರು ತೋರಿಸುತ್ತದೆ, ಅದು ಗೋಡೆ ತೋರಿಸುತ್ತದೆ ಎನ್ನುತ್ತಿದ್ದೆ.

ದೀಪಾವಳಿ ಮುಗಿಸಿ ಬಂದ ಮೇಲೆ ನಾನು ನಿನಗೆ ಬರೆದ ಪತ್ರ ನೆನಪಿದೆಯಲ್ಲ? 'ಸೈಕಲ್ ಹಿಡಿದರೆ ಹೊಲಿಗೆ ಉಳಿಯುತ್ತದೆ, ಹೊಲಿಗೆ ಹಿಡಿದರೆ ಸೈಕಲ್ ಉಳಿಯುತ್ತದೆ, ಎರಡು ದೋಣಿಯ ಮೇಲೆ ಕಾಲಿಟ್ಟು ಸಾಕಾಗಿದೆ ಅಕ್ಕಾ, ಒಂದನ್ನು ಬಿಡಬೇಕೇನೋ' ಎಂದು ಬರೆದಿದ್ದೆ. ಅದರ ಮುಂದಿನ ಸಾಲೂ ಇತ್ತು, 'ನೌಕರಿಯನ್ನೇ ಬಿಟ್ಟರೆ ಹೇಗೆ?' ಎಂದು. ಅದು ಚೇಷ್ಟೆ. ನೀನು ಓದಿ ನಗಲಿ ಎಂದು ಬರೆದದ್ದು. ಅದಕ್ಕೆ ನಿನ್ನ ಉತ್ತರ ಎಷ್ಟು ಮುದ್ದಾಗಿತ್ತು! 'ನೀ ಆರಾಮ ಸೈಕಲ್ ಹೊಡಿ, ಈ ಸಲ ನಿನ್ನ ಜಂಪರ್ ನಾ ಹೊಲಿತೇನಿ. ನಿನಗ ಛಲೋ ಕೂಡೂದು ಒಂದು ಅಳತಿ ಜಂಪರ್ ಕಳಸು' ಎಂದು ಬರೆದಿದ್ದೆ. ನಾನು ಆ ಪತ್ರವನ್ನು ಅಬೇದಾಗೆ ಓದಿ ತೋರಿಸಿದೆ. ನೋಡು, ನಮ್ಮಕ್ಕ ನನಗೊಂದು ರವಿವಾರ ದಾನ ಮಾಡುತ್ತಿದ್ದಾಳೆ ಎಂದು ಹೆಮ್ಮೆಪಟ್ಟೆ. ಭಾವ ಕೋರ್ಟಿನ ತಾರೀಖಿಗೆ ಇಲ್ಲಿಗೆ ಬಂದಾಗ ಗುಳೇದಗುಡ್ಡದ ಖಣದಲ್ಲಿ ಹೊಲಿದ ನನ್ನ ಕೆಂಪು ಜಂಪರನ್ನು ಒಗೆದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಕೊಟ್ಟೆ. ಬೇರೆಯವರ ಕೈಗೆ ನಾನು ಅಳತೆ ಕೊಟ್ಟಿದ್ದು ಅದೇ ಮೊದಲು. ನೀನು ಬೇರೆಯವಳಲ್ಲ ಎಂದುಕೊಂಡು ಕೊಟ್ಟೆ.

ಮೊನ್ನೆ ರವಿವಾರ ನಾವು ನಾಲ್ವರೂ ಇಳಕಲ್ಲಿಗೆ ಹೋಗಿದ್ದೆವು. ದಾರಿಯ ಹೊಲದವರು ಕರೆದು ಸುಟ್ಟ ಎಳೆ ಜೋಳದ ಸೀತನಿ ಕೊಟ್ಟರು, ಬಿಸಿ ಬಿಸಿ ಕಾಳನ್ನು ಕಿಸೆಯಲ್ಲಿ ತುಂಬಿಕೊಂಡು ಹೋದೆ. ಊರು ಹೊಕ್ಕ ಮೇಲೆ ಸಾವಂತ್ರವ್ವನ ಸೈಕಲ್ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಗೆ ಹೊಂದಿಕೊಂಡೇ ಒಂದು ದರ್ಜಿ ಅಂಗಡಿ, ಮುದಕಪ್ಪ ಎಂಬ ಮುದುಕರದ್ದು. ಹೊಲಿಯುವವಳ ಕಣ್ಣು ಎಲ್ಲಿ ಹೋಗುತ್ತದೆ ಹೇಳು? ತೂಗುಹಾಕಿದ ಬಟ್ಟೆಗಳನ್ನು ನೋಡುತ್ತ ನಿಂತೆ. ಮೂರನೆಯದು ನನ್ನ ಜಂಪರು. ಬೇರೆಯವರ ಖಣವೂ ಅಂಥದೇ ಇರಬಹುದು ಎಂದುಕೊಂಡು ಬಗಲನ್ನು ತಿರುವಿ ನೋಡಿದೆ. ಕೆಂಪು ದಾರ ಮುಗಿದಿತ್ತೆಂದು ನಾನೇ ನೀಲಿ ದಾರದಲ್ಲಿ ಹಾಕಿದ ನಾಲ್ಕು ಹೊಲಿಗೆ ಅಲ್ಲಿತ್ತು. ಜಂಪರಿಗೆ ಗುಂಡುಪಿನ್ನು ಚುಚ್ಚಿ ಚೀಟಿ ಹಚ್ಚಿದ್ದರು: 'ಸೀರಿ ಅಂಗಡಿ ಅಂದಪ್ಪನವರ ಮನಿ, ಮದಲಗಿತ್ತಿ ಅಳತಿ, ಐದು ಜಂಪರ್.'

ಯಾವ ಮದುಮಗಳು ಎಂದು ಕೇಳಿದೆ. ಮುದಕಪ್ಪನವರು ಕನ್ನಡಕ ಸರಿಮಾಡಿಕೊಂಡು ಖುಷಿಯಿಂದ ಹೇಳಿದರು: 'ಹುನಗುಂದದ ಹುಡುಗಿ ಅಂತ್ರಿ. ಬರೋ ತಿಂಗಳ ಐದಕ್ಕ ನಿಶ್ಚಯ, ಸೀರಿ ಉಡಸ್ತಾರ. ಹೊಲಿಗಿ ನೋಡ್ರಿ, ಹುಡುಗಿನ ಹೊಲದಾಳಂತ. ಮೊದಲ ಸೈಕಲ್ ಗೀಕಲ್ ಹೊಡೀತಿದ್ಲಂತ, ಈಗ ಬಿಟ್ಟಾಳಂತ ಬಿಡ್ರಿ.' ನನ್ನ ಎಡಗೈ ಸೈಕಲ್ಲಿನ ಹ್ಯಾಂಡಲ್ ಮೇಲೆಯೇ ಇತ್ತು ಅಕ್ಕಾ. ನೀಲಾಬಾಯಿ ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನನ್ನ ಸೈಕಲ್ ಹಿಡಿದುಕೊಂಡಳು. ಅದು ನನ್ನ ಜಂಪರು, ವಾಪಸ್ ಕೊಡಿ ಎಂದೆ. ಅವರು ಒಪ್ಪಲಿಲ್ಲ. ನೀಲಿ ದಾರ ಎಲ್ಲಿದೆ, ಕೆಳಗಿನ ಹುಕ್ಕು ಹೇಗೆ ಉಲ್ಟಾ ಇದೆ ಎಂದು ನೋಡದೆಯೇ ಹೇಳಿದ ಮೇಲೆ ಅವರು ಪಿನ್ನು ಬಿಡಿಸಿ ಜಂಪರನ್ನು ನನ್ನ ಕೈಗಿಟ್ಟರು, ಪಾಪ. ಅಷ್ಟರಲ್ಲಿ ಎರಡು ಜಂಪರನ್ನು ಕತ್ತರಿಸಿಬಿಟ್ಟಿದ್ದರು. ಊರಿನ ದರ್ಜಿಗೆ ಗೊತ್ತು, ಅಂಗಡಿಯವರಿಗೆ ಗೊತ್ತು, ಮದುವೆಯಾಗುವವಳಿಗೆ ಮಾತ್ರ ಗೊತ್ತಿಲ್ಲ. ತಿರುಗಿ ಬರುವಾಗ ಮೂವರೂ ನನ್ನನ್ನು ನಡುವೆ ಹಾಕಿಕೊಂಡು ಸೈಕಲ್ ಹೊಡೆದರು.

ಮನೆಗೆ ಬಂದು ಅವ್ವನ ಮುಂದೆ ಜಂಪರು ಹಾಕಿದೆ. ಅವಳು ಹೆದರಲಿಲ್ಲ, ಬೆರಗಾದಳು. 'ನೀನ ಹ್ಞೂಂ ಅಂದಿ ಅಂತ ನಿಮ್ಮಕ್ಕ ಬಸಲಿಂಗಿ ಬರದಾಳಲ್ಲ. ಒಲ್ಲದಾಕಿ ಅಳತಿ ಜಂಪರ್ ಯಾಕ ಕೊಟ್ಟಿ?' ಎಂದಳು. ಆಮೇಲೆ ಟ್ರಂಕಿನಿಂದ ನಿನ್ನ ಪತ್ರ ತೆಗೆದು ಕೊಟ್ಟಳು. ಓದಿದೆ. ದೀಪಾವಳಿಗೆ ನಿನ್ನ ಮನೆಗೆ ಬಂದಿದ್ದ ಇಳಕಲ್ಲಿನ ಬೀಗರಿಗೆ ನಾನು ಚಹಾ ಕೊಟ್ಟು ಒಳಗೆ ಹೋಗಿ ಸಿದ್ದಿಯ ಜೊತೆ ಆಡುತ್ತ ಕೂತೆನಲ್ಲ, ಅದು ಹೆಣ್ಣು ನೋಡುವ ಶಾಸ್ತ್ರವಂತೆ. ಹುಡುಗನ ಮುಖವನ್ನೂ ನಾನು ನೋಡಿರಲಿಲ್ಲ. 'ಶಿವಿ ಒಪ್ಪಿದ್ದಾಳೆ. ಸೈಕಲ್ ಸಾಕಾಗಿದೆ, ಬಿಡುತ್ತೇನೆ ಎಂದು ಅವಳೇ ಬರೆದಿದ್ದಾಳೆ. ನಾಚಿಕೆ ಸ್ವಭಾವ, ಸೀರೆ ಉಡಿಸುವ ತನಕ ಅವಳ ಮುಂದೆ ಮಾತೆತ್ತಬೇಡ, ಅಳತೆ ಜಂಪರು ಕೊಟ್ಟಿದ್ದೇ ಅವಳ ಹ್ಞೂಂ' ಎಂದು ಬರೆದಿದ್ದೀ. ನೀನು ನನ್ನ ಚೇಷ್ಟೆಯ ಮಾತಿನ ಅರ್ಧ ಕತ್ತರಿಸಿ ಅವ್ವನಿಗೆ ಕಳಿಸಿದೆ. ನನ್ನ ಕೈಯಾರೆ ಇಸ್ತ್ರಿ ಮಾಡಿದ ಬಟ್ಟೆಯನ್ನು ನನ್ನ ಒಪ್ಪಿಗೆ ಎಂದು ತೋರಿಸಿದೆ. ಅವ್ವನಿಗೆ ಈಗಲೂ ನಂಬಿಕೆಯಿಲ್ಲ. ನಾನೇ ಹ್ಞೂಂ ಅಂದು ಈಗ ಮಾತು ತಿರುಗಿಸುತ್ತಿದ್ದೇನೆ ಎಂದುಕೊಂಡಿದ್ದಾಳೆ. ಹಿರಿಯ ಮಗಳು ಸುಳ್ಳು ಬರೆಯುತ್ತಾಳೆಂದು ಅವಳು ಹೇಗೆ ನಂಬಬೇಕು?

ಸಿಟ್ಟು ಬಂದಿದೆ ಅಕ್ಕಾ, ಭಾಳ ಸಿಟ್ಟು ಬಂದಿದೆ. ಬೇರೆ ಯಾರಾದರೂ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ತಾಸಿನ ಬಾಡಿಗೆಯ ಸೈಕಲ್ ತಂದು, ಸಾಲಿಯ ಬಯಲಿನಲ್ಲಿ ನನ್ನ ಸೀಟು ಹಿಡಿದು ಓಡಿದವಳು ನೀನು. 'ಬಿಟ್ಟಿಲ್ಲ, ಹಿಡಕೊಂಡೇನಿ, ಮುಂದ ನೋಡು' ಎನ್ನುತ್ತಿದ್ದೆ. ಕಾಜಾ ಹಾಕುವುದನ್ನು, ಬಗಲು ಬಿಗಿಯದ ಹಾಗೆ ತೋಳು ಕೂಡಿಸುವುದನ್ನು ನನಗೆ ಕಲಿಸಿದವಳೂ ನೀನೇ. ನನಗೆ ಬರುವ ಎರಡೂ ವಿದ್ಯೆ ನಿನ್ನವು, ಆ ಎರಡನ್ನೂ ಹಿಡಿದೇ ನೀನು ನನ್ನನ್ನು ಕಟ್ಟಿಹಾಕಲು ನೋಡಿದೆ. ಮದುವೆ ಮಾಡಬೇಕೆಂದಿದ್ದು ತಪ್ಪಲ್ಲ, ನನಗೆ ಇಪ್ಪತ್ತಾರು, ಅವ್ವನ ಚಿಂತೆ ನನಗೂ ಗೊತ್ತು. ಬಸ್ಸು ಹತ್ತಿದರೆ ಎರಡು ತಾಸಿನ ಹಾದಿ. ಬಂದು ಎದುರು ಕೂತು, 'ಶಿವಿ, ಇಂಥವರಿದ್ದಾರ, ಏನಂತಿ?' ಎಂದು ಕೇಳಬಾರದಿತ್ತೇ? ನಾನು ಬೇಡವೆಂದರೆ ಜಗಳವಾಡಬಹುದಿತ್ತು. ನಾವು ಜಗಳವಾಡದ ದಿನ ಯಾವುದಿತ್ತು?

ಗಂಡಿನ ಕಡೆಯವರು ಸೈಕಲ್ ಬಿಟ್ಟರೆ ಮಾತ್ರ ಎಂದು ಪಟ್ಟು ಹಿಡಿದಿರಬೇಕು, ಒಳ್ಳೆಯ ಸಂಬಂಧ ಕೈತಪ್ಪೀತೆಂದು ನೀನು ಹೆದರಿ ತಲೆಯಾಡಿಸಿರಬೇಕು. ನಾಲ್ಕು ದಿನದಿಂದ ಹಾಗೆಂದು ನನಗೆ ನಾನೇ ಹೇಳಿಕೊಂಡು ಅರ್ಧ ಸಿಟ್ಟು ಇಳಿಸಿಕೊಂಡಿದ್ದೇನೆ. ಉಳಿದರ್ಧ ಇಳಿಯುತ್ತಿಲ್ಲ. ಐದನೇ ತಾರೀಖಿನ ಕಾರ್ಯ ಆಗುವುದಿಲ್ಲ. ಸೋಮವಾರವೇ ಅಂದಪ್ಪನವರ ಮನೆಗೆ ಪತ್ರ ಹಾಕಿದ್ದೇನೆ: ನಾನು ಒಪ್ಪಿಗೆ ಕೊಟ್ಟಿಲ್ಲ, ಸೈಕಲ್ ಬಿಟ್ಟಿಲ್ಲ, ಬಿಡುವುದಿಲ್ಲ, ನಿಮ್ಮದೇನೂ ತಪ್ಪಿಲ್ಲ, ಕ್ಷಮೆ ಇರಲಿ ಎಂದು. ನಿನ್ನ ಹೆಸರು ಬರೆದಿಲ್ಲ. ಹಿರಿಯರಲ್ಲಿ ಏನೋ ತಪ್ಪು ತಿಳಿವಳಿಕೆ ಆಗಿದೆ ಎಂದಷ್ಟೇ ಬರೆದೆ, ನಿನ್ನ ಅತ್ತೆಯ ಕಿವಿಗೆ ಬಿದ್ದು ನಿನಗೆ ತೊಂದರೆಯಾಗಬಾರದೆಂದು. ಇಷ್ಟಾದ ಮೇಲೂ ನಿನ್ನ ಅತ್ತೆಗೆ ನಾನು ಹೆದರುತ್ತೇನೆ ನೋಡು.

ಭಾವನಿಗೆ ನನ್ನ ಶರಣು ತಿಳಿಸು. ಕಾಗದದ ಪೊಟ್ಟಣದಲ್ಲಿ ಏನು ಹೊತ್ತೊಯ್ದರೆಂದು ಅವರಿಗೂ ಗೊತ್ತಿತ್ತೋ ಏನೋ, ಕೇಳುವ ಧೈರ್ಯ ನನಗಿಲ್ಲ. ಸಿದ್ದಿಗೆ ಎರಡು ಕೆನ್ನೆಗೂ ಮುತ್ತು ಕೊಡು. ಅವಳು ಚೆನ್ನಾಗಿ ಓದಲಿ, ಬಸವಣ್ಣ ಅವಳನ್ನು ಕಾಯಲಿ. ಭಾರ ಎತ್ತಬೇಡ, ಸೊಂಟ ನೋಡಿಕೋ.

ನಿನ್ನ ತಂಗಿ,
ಶಿವಬಸವ್ವ
(ಶಿವಿ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ)

ತಾ.ಕ.: ಶನಿವಾರ ಮುಂಜಾನೆ. ಎರಡು ದಿನ ಪತ್ರವನ್ನು ಹಾಕಲೋ ಬೇಡವೋ ಎಂದು ಇಟ್ಟುಕೊಂಡಿದ್ದೆ, ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ನಿನ್ನೆ ಮದುಮಗನಾಗಬೇಕಿದ್ದ ಅಂದಪ್ಪನವರೇ ಕಚೇರಿಗೆ ಬಂದಿದ್ದರು. ಜಗಳಕ್ಕಲ್ಲ. 'ನಿಮ್ಮ ಮಾತು ನಿಮ್ಮ ಬಾಯಿಲೇ ಕೇಳಿ ಹೋಗೋಣಂತ ಬಂದೇನ್ರಿ' ಎಂದರು. ಹೊರಗೆ ಕಟ್ಟೆಯ ಹತ್ತಿರ ನಿಂತು ಮಾತಾಡಿದೆವು, ನೀಲಾಬಾಯಿಯನ್ನೂ ಕರೆಸಿಕೊಂಡಿದ್ದೆ. ಸೈಕಲ್ ಬಿಡಿಸಬೇಕೆಂದು ನಿಮ್ಮ ಮನೆಯಲ್ಲಿ ಯಾರು ಹೇಳಿದರು ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. 'ನಮ್ಮನ್ಯಾಗ ಯಾರೂ ಅಂದಿಲ್ರಿ. ಸೈಕಲ್ ವಿಚಾರ ನಮಗ ಗೊತ್ತ ಇರಲಿಲ್ಲ. ನಿಮ್ಮ ಅಕ್ಕಾರ ತಾವಾಗೇ ಹೇಳಿದ್ರು, ಹೊಡೀತಿದ್ಲು, ನಾ ಬಿಡಸೇನಿ ಅಂತ. ಪಾಪ, ಯಾಕ ಬಿಡಸಿದ್ರಿ ಅಂತ ನಮ್ಮವ್ವ ಕೇಳಿದ್ಲು' ಎಂದರು. ಒಳ್ಳೆಯ ಮನುಷ್ಯ. ನೀನು ನೇರವಾಗಿ ಕೇಳಿದ್ದರೆ ಹ್ಞೂಂ ಅನ್ನುತ್ತಿದ್ದೆನೇನೋ. ನಿನ್ನೆ ಒಲ್ಲೆ ಎಂದೆ, ಅವರ ಮುಖ ನೋಡಿದಾಗಲೆಲ್ಲ ನೀನು ಮಾಡಿದ್ದೇ ನೆನಪಾಗುತ್ತದೆ. ಅವರು ಕೇಳಿರಲೇ ಇಲ್ಲ ಅಕ್ಕಾ. ಯಾರೂ ಕೇಳದಿದ್ದ ನನ್ನ ಸೈಕಲ್ಲನ್ನು ನೀನಾಗಿ ಯಾಕೆ ಕೊಟ್ಟೆ? ಇದೊಂದಕ್ಕೆ ಉತ್ತರ ಬರೆ. ಅವ್ವನ ಹೆಸರಿಗಲ್ಲ, ನನ್ನ ಹೆಸರಿಗೆ ಬರೆ.